ಬ್ರೇಕಿಗೆ ಹೆದರಿದ ವರ್ಷ

ನಮ್ಮ ಯಜಮಾನರಿಗೆ ಬ್ರೇಕ್ ತುಳಿಯುವುದೆಂದರೆ ಜೀವ ಬಾಯಿಗೆ ಬರಲು ಶುರುವಾದದ್ದು ಕಾರಿನೊಳಗೆ ಆ ಡಬ್ಬಿ ಬಂದು ಕೂತ ಮೇಲೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಚಳ್ಳಕೆರೆಯಲ್ಲಿ ನಮಗೆ ಶೇಂಗಾ ಎಣ್ಣೆಯ ಅಂಗಡಿ, ಮನೆ ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು. ಇನ್ಶೂರೆನ್ಸ್ ಏಜೆಂಟ್ ಇವರ ಜೊತೆ ಓದಿದವನೇ. ಕಂಪನಿಯವರು ಹೊಸದೊಂದು ಸ್ಕೀಮನ್ನು ಪರೀಕ್ಷೆಗೆ ಬಿಟ್ಟಿದ್ದಾರೆ, ಡಬ್ಬಿ ಕೂರಿಸಿಕೊಂಡರೆ ಕಂತು ಅರ್ಧಕ್ಕರ್ಧ ಇಳಿಯುತ್ತದೆ ಎಂದು ಆಸೆ ತೋರಿಸಿದ. ಅರ್ಧ ಅಂದ ಕೂಡಲೇ ನಮ್ಮವರ ಮುಖ ಊರಗಲವಾಯಿತು.

ಸ್ಟೇರಿಂಗಿನ ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಕರೀ ಪೆಟ್ಟಿಗೆ. ಮೆಲ್ಲಗೆ ಓಡಿಸಿದರೆ ಹಸಿರು ದೀಪ. ಜೋರಾಗಿ ಹೋದರೆ, ಗಕ್ಕನೆ ತಿರುಗಿಸಿದರೆ, ಗಕ್ಕನೆ ಬ್ರೇಕ್ ಹಾಕಿದರೆ ಕೆಂಪು ದೀಪ, ಜೊತೆಗೆ ಕುಯ್ ಅಂತ ಒಂದು ಸದ್ದು. ಕತ್ತಲಾದ ಮೇಲೆ ಓಡಿಸಿದರೂ ಮಾರ್ಕ್ಸ್ ಕಟ್, ಮಾರ್ಕ್ಸ್ ಇಳಿದರೆ ಕಂತು ಏರಿಕೆ. ತಿಂಗಳಿಗೊಮ್ಮೆ ಏಜೆಂಟ್ ಬಂದು, ಕಂಪ್ಯೂಟರಿಗೆ ವೈರು ಸಿಕ್ಕಿಸಿ, ಎಷ್ಟು ಮಾರ್ಕ್ಸ್ ಬಂತೆಂದು ಹೇಳುತ್ತಿದ್ದ.

"ತುಂಬಿದ ಚೊಂಬು ತೊಡೆ ಮೇಲಿದ್ರೂ ತುಳುಕಬಾರ್ದು, ಹಂಗೆ ಓಡಿಸ್ಬೇಕು" ಎಂದು ಅವನು ತಮಾಷೆಗೆ ಹೇಳಿದ್ದ. ಇವರು ಮಾರನೇ ದಿನವೇ ನನ್ನ ತೊಡೆಯ ಮೇಲೆ ನಿಜವಾದ ಚೊಂಬು ಇಟ್ಟರು. ಪಕ್ಕದ ಹಳ್ಳಿ ನನ್ನಿವಾಳದ ತನಕ ಹೋಗಿ ಬರುವಷ್ಟರಲ್ಲಿ ನನ್ನ ಸೀರೆ ಒದ್ದೆ ಮುದ್ದೆ. ಹಿಂದೆ ಕೂತ ನಮ್ಮತ್ತೆ, "ಹೆಂಡ್ತಿ ಮಾತು ಕೇಳ್ಲಿಲ್ಲ, ಹೆತ್ತವ್ವನ ಮಾತು ಕೇಳ್ಲಿಲ್ಲ, ಈ ಡಬ್ಬಿ ಮಾತು ಕೇಳ್ತಾನೆ ನೋಡು ನನ್ನ ಮಗ" ಎಂದು ನಗುತ್ತಿದ್ದರು. ಆಗ ನಾನೂ ನಕ್ಕಿದ್ದೆ.

ನಗು ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಅತ್ತೆಗೆ ಉಬ್ಬಸ ಜಾಸ್ತಿಯಾಯಿತು. ಕಾರು ತೆಗೀರಿ ಅಂದರೆ ಇವರು ಬಾಗಿಲಲ್ಲಿ ನಿಂತು ಆಕಾಶ ನೋಡಿದರು. "ಬರೋ ಹೊತ್ತಿಗೆ ಕತ್ಲಾಗ್ತೈತೆ ಕಣೇ, ಆಟೋ ಕರೀತೀನಿ" ಅಂದರು. ಬಾಗಿಲಲ್ಲಿ ಸ್ವಂತ ಕಾರು, ನಾವು ಅತ್ತೆಯನ್ನು ಆಟೋದಲ್ಲಿ ಕುಲುಕಿಸಿಕೊಂಡು ಡಾಕ್ಟರ ಹತ್ತಿರ ಹೋದೆವು. ಸಿಟ್ಟು ನೆತ್ತಿಗೇರಿತ್ತು. ಅತ್ತೆಯ ಎದುರಿಗೆ ಏನೂ ಅನ್ನಬಾರದೆಂದು ಹಲ್ಲು ಕಚ್ಚಿಕೊಂಡು ಕೂತೆ.

ಅದಕ್ಕಿಂತ ಹೆಚ್ಚು ಭಯವಾದದ್ದು ಅವರ ಕಾಲು ನೋಡಿ. ಪಕ್ಕದ ಸೀಟಿನಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಉಳ್ಳಾರ್ತಿ ಕಾವಲಿನ ಹುಲ್ಲುಗಾವಲ ಕಡೆಯಿಂದ ಕುರಿ ಹಿಂಡು ರಸ್ತೆಗೆ ಇಳಿದರೆ ಮೊದಲೆಲ್ಲ ನಿಲ್ಲಿಸಿ, ಕುರಿ ಕಾಯುವವರ ಹತ್ತಿರ ನಾಲ್ಕು ಮಾತಾಡಿ ಹೋಗುತ್ತಿದ್ದ ಮನುಷ್ಯ. ಈಗ ಕಾಲು ಬ್ರೇಕಿನ ಹತ್ತಿರ ಹೋಗುತ್ತದೆ, ನಡುಗುತ್ತದೆ, ಹಿಂದಕ್ಕೆ ಬರುತ್ತದೆ. ಕೈ ಮಾತ್ರ ಹಾರನ್ ಮೇಲೆ. ನಾಯಿ ಬಂದರೆ ಹಾರನ್, ಸೈಕಲ್ ಬಂದರೆ ಹಾರನ್. ಒಮ್ಮೆ ಒಂದು ಮೇಕೆ ಮರಿ ಕೂದಲೆಳೆಯಲ್ಲಿ ಪಾರಾಯಿತು. "ಏನ್ರೀ ಇದು?" ಅಂದೆ. "ಹಸಿರೇ ಐತೆ ನೋಡು" ಅಂದರು, ಬೆನ್ನು ತಟ್ಟಿಸಿಕೊಳ್ಳುವವರ ಹಾಗೆ. ಆ ತಿಂಗಳು ಬಂದ ಮಾರ್ಕ್ಸು ಅಲ್ಲಿಯವರೆಗೆ ಬಂದದ್ದರಲ್ಲೇ ಹೆಚ್ಚಿನದು.

ಇವರು ಒಬ್ಬರೇ ಕಾರು ತೆಗೆದುಕೊಂಡು ಹೋದರೆ ನನಗೆ ಊಟ ಸೇರುತ್ತಿರಲಿಲ್ಲ. ಹೊರಗೆ ಗೇಟಿನ ಸದ್ದಾಗುವ ತನಕ ಕಿಟಕಿಯಲ್ಲೇ ನಿಂತಿರುತ್ತಿದ್ದೆ. ಯಾರದೋ ಮನೆಯ ಜೀವ ಇವರ ಕೈಯಲ್ಲಿ ಹೋಗುತ್ತದೆ ಎಂಬ ಯೋಚನೆ ತಲೆ ಹೊಕ್ಕರೆ ಹೊರಗೆ ಹೋಗುತ್ತಲೇ ಇರಲಿಲ್ಲ. ಹೇಳಿದರೆ, "ನಿನಗೆ ಎಲ್ಲಾದ್ರಲ್ಲೂ ಭಯ" ಎಂಬ ಉತ್ತರ. ಅದಕ್ಕೇ ಅವರು ಎಲ್ಲಿಗೆ ಹೊರಟರೂ ಏನೋ ಒಂದು ನೆವ ಮಾಡಿ ನಾನೂ ಹತ್ತಿ ಕೂರುತ್ತಿದ್ದೆ.

ಹುರುಳಿ ಕಿತ್ತ ಕಾಲ ಅದು. ಮೊಳಕಾಲ್ಮುರಿನ ನನ್ನ ತವರಿಗೆ ಹೊರಟಿದ್ದೆವು, ಇವರು ಮತ್ತು ನಾನು. ನಮ್ಮ ಕಡೆ ಹುರುಳಿ ಒಕ್ಕಲು ಕಣ ಬೇಕಿಲ್ಲ. ಡಾಂಬರು ರಸ್ತೆಯ ಮೇಲೆ ಗಿಡ ಹರವಿ, ಎರಡೂ ತುದಿಗೆ ಕಲ್ಲಿಟ್ಟರೆ ಮುಗಿಯಿತು. ಬರುವ ಹೋಗುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಗಾಡಿಯವರು ಮೆಲ್ಲಗೆ ಮಾಡಿ ಹತ್ತಿಸುತ್ತಾರೆ, ಹೆಂಗಸರು ಹತ್ತಿರ ಬಂದ ಮೇಲೆ ಪಕ್ಕಕ್ಕೆ ಸರಿಯುತ್ತಾರೆ. ಇದು ಯಾರೂ ಯಾರಿಗೂ ಹೇಳಿಕೊಡದ ಒಪ್ಪಂದ.

ಮೊಳಕಾಲ್ಮುರು ತಿರುವಿನ ಹಾನಗಲ್ ದಾಟಿದ ಮೇಲೆ ಅಂಥದೊಂದು ಹುರುಳಿ ಹಾಸು ಸಿಕ್ಕಿತು. ನಡುವೆ ಒಬ್ಬರು ಅಜ್ಜಿ ನಮಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು, ಉದುರಿದ ಕಾಳನ್ನು ಮೊರಕ್ಕೆ ಗುಡಿಸಿಕೊಳ್ಳುತ್ತಿದ್ದರು. ಧೂಳಿಗೆಂದು ತಲೆ, ಕಿವಿ ಎಲ್ಲ ಸೆರಗಿನಲ್ಲಿ ಬಿಗಿದಿದ್ದರು. ಇವರು ಹಾರನ್ ಹೊಡೆದರು. ಅಜ್ಜಿ ಏಳಲಿಲ್ಲ. ಮತ್ತೆ ಹಾರನ್. ನಾನು ಇವರ ಕಾಲು ನೋಡಿದೆ. ಬ್ರೇಕಿನ ಮೇಲೆ ಹೋಯಿತು, ನಡುಗಿತು, ಹಿಂದಕ್ಕೆ ಬಂತು.

"ಬ್ರೇಕ್ ಹಾಕ್ರೀ!" ಎಂದು ಕಿರುಚಿ ನಾನು ಹ್ಯಾಂಡ್ ಬ್ರೇಕ್ ಹಿಡಿದು ಜಗ್ಗಿದೆ. ಆಗ ಅವರೂ ತುಳಿದರು. ಒಣ ಹುರುಳಿಯ ಮೇಲೆ ಚಕ್ರ ನಿಲ್ಲಲಿಲ್ಲ, ಕಾರು ಜಾರಿ, ಅಡ್ಡ ತಿರುಗಿ, ರಸ್ತೆ ಬಿಟ್ಟು ಪಕ್ಕದ ಬೇಲಿಗೆ ಮೂತಿ ತುರುಕಿ ನಿಂತಿತು. ಡಬ್ಬಿ ಕುಯ್ ಅನ್ನುತ್ತಲೇ ಇತ್ತು.

ಬಾಗಿಲು ತೆಗೆದು ಓಡಿದೆ. ಅಜ್ಜಿಗೆ ಏನೂ ಆಗಿರಲಿಲ್ಲ. ಮೊರ ಮಾತ್ರ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಅಜ್ಜಿಯೇ ಎದ್ದು ನನ್ನನ್ನು ಹಿಡಿದುಕೊಂಡರು. ಆಮೇಲೆ ಕಾರಿನ ಕಿಟಕಿಗೆ ಬಗ್ಗಿ ಇವರನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಏಮ್ ನಾಯ್ನಾ, ನಾನು ಕಾಣ್ಲಿಲ್ವಾ?" ಅಂದರು, ಏನಪ್ಪಾ ಅನ್ನುವುದನ್ನು ತೆಲುಗಿನಲ್ಲಿ. ಇವರು ಸ್ಟೇರಿಂಗ್ ಹಿಡಿದೇ ಕೂತಿದ್ದರು. "ಬಿಸ್ಲಿಗೆ ಕಣ್ಣು ಕತ್ಲೆ ಬಂದೈತೆ ಪಾಪ. ಇಳಿ, ನೀರು ಕುಡಿ" ಎಂದು ಮರದಡಿ ಇಟ್ಟಿದ್ದ ತಮ್ಮ ನೀರಿನ ಕ್ಯಾನು ತಂದುಕೊಟ್ಟರು. ಇವರು ಕುಡಿದರು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

ತವರಿನಲ್ಲಿ ಯಾರಿಗೂ ಹೇಳಲಿಲ್ಲ. ಮನೆಗೆ ಬಂದ ಮೇಲೂ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಅವರು ಅಂಗಡಿಗೆ ನಡೆದುಕೊಂಡೇ ಹೋಗಲು ಶುರು ಮಾಡಿದರು.

ತಿಂಗಳಾದ ಮೇಲೆ ಏಜೆಂಟ್ ಬಂದ. ವೈರು ಸಿಕ್ಕಿಸಿ ನೋಡಿ ನಾಲಿಗೆ ಕಚ್ಚಿಕೊಂಡ. "ಏನೋ ಇದು, ಇಷ್ಟು ದಿನ ಚೆನ್ನಾಗಿ ಓಡಿಸ್ತಿದ್ದೆ! ಅವತ್ತು ಒಂದಿನ ಎಲ್ಲಾ ಹಾಳು ಮಾಡ್ಕೊಂಡಿದ್ದೀಯಲ್ಲ. ಹಿಂಗೆ ಬ್ರೇಕ್ ಹಾಕೋರನ್ನ ಅಪಾಯದ ಡ್ರೈವರ್ ಅಂತ ಬರ್ಕೊಳುತ್ತೆ ಇದು."

ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ.

"ಯಾರಾದ್ರೂ ಗಕ್ಕನೆ ಅಡ್ಡ ಬಂದ್ರಾ? ಹಂಗಿದ್ರೆ ಹೇಳು, ಕಂಪನಿಗೆ ಒಂದು ಮಾತು ಹೇಳಿ ನೋಡ್ತೀನಿ" ಅಂದ ಅವನು.

"ಯಾರೂ ಅಡ್ಡ ಬರ್ಲಿಲ್ಲ ಕಣೋ," ಅಂದರು ಇವರು. "ಆ ಅಜ್ಜಿ ಮೊದ್ಲಿಂದ್ಲೂ ಅಲ್ಲೇ ಕೂತಿದ್ರು. ನಾನು ದೂರದಿಂದ್ಲೇ ನೋಡಿದ್ದೆ."

ಆಮೇಲೆ ಒಳಗಿಂದ ಸ್ಕ್ರೂಡ್ರೈವರ್ ತಂದು ಅವನ ಕೈಗೆ ಕೊಟ್ಟು, ಡಬ್ಬಿ ಬಿಚ್ಚಿಕೊಂಡು ಹೋಗಲು ಹೇಳಿದರು.