ನೌಪಾಡಾದ ಮರದ ಮೆಟ್ಟಿಲು

ಪ್ರವಾಸಕ್ಕಿಂತ ಪ್ರವಾಸದಲ್ಲಿ ತಂಗುವ ಕೋಣೆಯನ್ನು ಮೊಬೈಲಿನಲ್ಲಿ ಹುಡುಕುವುದರಲ್ಲೇ ನನಗೆ ಹೆಚ್ಚು ಆನಂದ. ಹೆಂಡತಿ ಗಿರಿಜೆಯ ತಮ್ಮನ ಮಗ ರೋಹಿತನ ನಿಶ್ಚಿತಾರ್ಥಕ್ಕೆಂದು ಮೈಸೂರಿನಿಂದ ಠಾಣೆಗೆ ಹೊರಟಾಗ, ಅವನು ತಾನಿರುವ ಸಾನಪಾಡಾದಲ್ಲೇ ಗಾಜಿನ ಹೋಟೆಲೊಂದನ್ನು ಸೂಚಿಸಿದ್ದ. ಗಾಜಿಗೆ ಚರಿತ್ರೆಯಿಲ್ಲವೆಂದು ಉಪನ್ಯಾಸ ಬಿಗಿದು, ನಾನು ಠಾಣೆಯ ಹಳೆಯ ಬಡಾವಣೆ ನೌಪಾಡಾದಲ್ಲೊಂದು ಮನೆಯನ್ನು ಆರಿಸಿದೆ. ಫೋಟೋದಲ್ಲಿ ಹೆಂಚಿನ ಮಾಡು, ಕೆತ್ತನೆಯ ಮರದ ಬಾಲ್ಕನಿ ಎಲ್ಲವೂ ಇದ್ದವು. ಲಿಫ್ಟ್ ಮಾತ್ರ ಇರಲಿಲ್ಲ, ಏಕೆಂದರೆ ಆ ಮನೆಯಲ್ಲೇ ಇರಲಿಲ್ಲ.

ನಮ್ಮ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ, ನಡೆಯಿರಿ, ಮೆಟ್ಟಿಲು ಹತ್ತಿ ಎಂದು ಡಾಕ್ಟರು ಎಷ್ಟು ಹೇಳಿದರೂ ಗಿರಿಜೆ ನಮ್ಮ ಗೇಟು ದಾಟಿದವಳಲ್ಲ. ತಮ್ಮನ ಬಲವಂತಕ್ಕೆ ಹೇಗೋ ರೈಲು ಹತ್ತಿದ್ದಳು. ಈಗ ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಮುಖ ನೋಡಿದಳು. ನನ್ನ ಇತಿಹಾಸಪ್ರಜ್ಞೆಯೆಲ್ಲ ಬೆವರಾಗಿ ಇಳಿಯಿತು.

ಸ್ಟೇಷನ್ನಿನಿಂದ ನಮ್ಮನ್ನು ಕರೆತಂದಿದ್ದ ರೋಹಿತ್ ತಲೆ ಚಚ್ಚಿಕೊಂಡ. "ಕ್ಯಾ ಮಾಮಾ! ಮಂಡಿ ಆಪರೇಷನ್ ಆದ ಅತ್ತೆ ಹೇಗೆ ಹತ್ತೋದು? ಚಲಾ, ಸಾನಪಾಡಾಕ್ಕೇ ಹೋಗುವಾ."

ಅಷ್ಟರಲ್ಲಿ ಮೇಲಿಂದ ಮನೆಯೊಡತಿ ಇಣುಕಿದರು. ಕಾರ್ಕಳದ ಕಡೆಯವರು, ಗಿರಿಜೆಗಿಂತ ಹಿರಿಯರು. ನಮ್ಮ ಮಾತಿನ ಧಾಟಿಯಲ್ಲೇ ಊರು ಹಿಡಿದು, ತುಳು ಬೆರೆಸಿ ಕೂಗಿದರು: "ಮೆಲ್ಲ ಬಲೆ ಅಕ್ಕಾ, ನಿಧಾನ ಬನ್ನಿ! ನನ್ನದೂ ಎರಡು ಮಂಡಿ ಹೊಸತೇ. ದಿನಾ ಹತ್ತುತ್ತೇನೆ."

ತವರು ಉಡುಪಿಯ ಭಾಷೆ ಕಿವಿಗೆ ಬಿದ್ದದ್ದೇ ಗಿರಿಜೆಯ ಬೆನ್ನು ನೆಟ್ಟಗಾಯಿತು. "ಬರ್ಪೆ," ಎಂದಳು, ಬರುತ್ತೇನೆ ಎಂದು.

ನಾನು ಕೈ ಚಾಚಿದೆ, ಬೇಡವೆಂದಳು. ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಏರಿದಳು. ಮೊದಲ ಮಹಡಿಯಲ್ಲಿ ಮನೆಯೊಡತಿ ಇಳಿದು ಬಂದು ಕುರ್ಚಿ ಹಾಕಿದರು; ಎರಡನೆಯದರಲ್ಲಿ ಇಬ್ಬರೂ ಉಡುಪಿಯ ಸುದ್ದಿಯಲ್ಲಿ ಮುಳುಗಿ ಕುರ್ಚಿಯನ್ನೇ ಮರೆತರು. ಮೂರನೆಯದನ್ನು ಮುಟ್ಟಿ ಗಿರಿಜೆ ತಿರುಗಿ ನೋಡಿದಾಗ, ಸೂಟ್‌ಕೇಸಿನೊಂದಿಗೆ ಏದುಸಿರು ಬಿಡುತ್ತ ನಾನಿನ್ನೂ ಕೆಳಗೇ ಇದ್ದೆ. ಅವಳು ನಕ್ಕ ನಗೆ ಇಡೀ ಮೆಟ್ಟಿಲಸಾಲಿಗೆ ಕೇಳಿಸಿತು. ಎಷ್ಟೋ ತಿಂಗಳಿಂದ ನಮ್ಮ ಮನೆಯಲ್ಲಿ ಕೇಳಿಸದ ನಗೆ ಅದು.

ಮರುದಿನ ಇಬ್ಬರು ಹೆಂಗಸರೂ ಹತ್ತಿರದ ಕೆರೆಯ ದಂಡೆಯವರೆಗೆ ನಡೆದು, ಮಲ್ಲಿಗೆ ಕೊಂಡು, ವಡಾಪಾವ್ ತಿಂದು ಬಂದರು. ಸಂಜೆ ರೋಹಿತನ ಫೋನು: ಸಾನಪಾಡಾದಲ್ಲಿ ಕೋಣೆ ಸಿಕ್ಕಿದೆ, ಲಿಫ್ಟೂ ಉಂಟು. ಗಿರಿಜೆ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಬೇಡ ಮಾರಾಯ. ನಾಳೆ ಬೀಗರನ್ನು ಕರೆದುಕೊಂಡು ನೀವೇ ಬನ್ನಿ, ಕಾಫಿಗೆ. ಮೇಲೆ, ಮೂರನೇ ಮಾಳಿಗೆಗೆ!"