ನಾಗರತ್ನ ಮೇಡಂ ಮತ್ತು ಮುದಿ ಇಲಿಗಳು

ಪ್ರಯೋಗದ ಟ್ಯೂಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ವಿಜ್ಞಾನಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ನಾಗರತ್ನ ಮೇಡಂ ತಿಪಟೂರಿನ ಪಕ್ಕದ ಬಿಳಿಗೆರೆಯವರು. ಅಟ್ಟದಲ್ಲಿ ವರ್ಷವಿಡೀ ಒಣಗಿದ ತೆಂಗಿನಕಾಯಿಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಮಾತ್ರ ಸುಲಿಯುವ ಮನೆಯಲ್ಲಿ ಬೆಳೆದ ಕೈ. ಬೆಂಗಳೂರಿನ ಲ್ಯಾಬಿಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು.

ಒಮ್ಮೆ ಬಂದ ಸೋಂಕನ್ನು ಇಲಿಯ ಮೈ ಹೇಗೆ ನೆನಪಿಡುತ್ತದೆ ಎಂಬುದೊಂದೇ ಅವರ ಧ್ಯಾನ. ಹೊಸದಾಗಿ ಸೇರಿದ ನಾನು, ಸೋಂಕು ಕೊಟ್ಟ ವಾರಕ್ಕೇ ನೆನಪಿನ ಕೋಶಗಳನ್ನು ಹುಡುಕಲು ಹೊರಟಿದ್ದೆ. ಮೇಡಂ ತಡೆದರು.

“ತೆಂಗಿನ ಸೀಮೆ ಚಿಕ್ಕನಾಯಕನಹಳ್ಳಿಯವನಾಗಿ ಹಸಿಕಾಯಿ ಒಡೆದು ಕೊಬ್ಬರಿ ಹುಡುಕ್ತೀಯಲ್ಲೋ! ಈಗ ಅಲ್ಲಿರೋವು ಹೊಡೆದಾಡೋ ಕೋಶಗಳು ಕಣಪ್ಪ. ರೋಗ ವಾಸಿ ಆದ್ಮೇಲೆ ಬಹುಪಾಲು ಸತ್ತೋಯ್ತವೆ. ಎಲ್ಲೋ ಕೆಲವು ಉಳ್ಕಂಡು ಸುಮ್ನೆ ಕಾಯ್ತಾ ಇರ್ತವೆ. ಅದೇ ರೋಗ ಮತ್ತೆ ಬರ್ಲಿ, ಆಗ ನೋಡು ಅವುಗಳ ಆಟ. ಈಗ ಬುಡು, ಇಲಿಗಳು ಆರಾಮಾಗಿರ್ಲಿ.”

ಸಂಜೆ ಇದನ್ನೆಲ್ಲ ಊರಲ್ಲಿದ್ದ ಯಜಮಾನರಿಗೆ ಫೋನಿನಲ್ಲಿ ವಿವರಿಸುತ್ತಿದ್ದರು. ತೋಟ ಬಿಟ್ಟು ಅವರು ಬಾರರು, ಇಲಿ ಬಿಟ್ಟು ಇವರು ಹೋಗರು. ಮಕ್ಕಳಿರಲಿಲ್ಲ. ಯಜಮಾನರದು ಯಾವಾಗಲೂ ಒಂದೇ ಪ್ರಶ್ನೆ: “ವಯಸ್ಸಾದ್ಮೇಲೂ ನೆನಪಿರ್ತದೇನೇ?”

ಅದಕ್ಕಾಗಿಯೇ ಮೇಡಂ ಕೊನೆಯ ಪ್ರಯೋಗ ಹೂಡಿದರು. ಎಳೆಯ ಇಲಿಗಳಿಗೆ ಸೋಂಕು ಕೊಟ್ಟು, ಅವು ಮುದಿಯಾಗುವ ತನಕ ಕಾಯುವುದು. ಆದರೆ ಇಲಿಗಳಿಗೆ ವಯಸ್ಸಾಗುವ ಮೊದಲೇ ಮೇಡಂ ನಿವೃತ್ತರಾದರು. “ಏನಾಯ್ತು ಅಂತ ಮನೆಗೇ ಬಂದು ಹೇಳು. ನಮ್ಮವ್ರಿಗೆ ಮಾತು ಕೊಟ್ಟಿದೀನಿ,” ಎಂದು ಊರಿಗೆ ಹೊರಟರು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಆ ಫಲಿತಾಂಶ ಹೊತ್ತು ಬಿಳಿಗೆರೆಗೆ ಹೋದಾಗ. ಯಜಮಾನರು ತೀರಿಕೊಂಡು ಕೆಲವೇ ತಿಂಗಳಾಗಿದ್ದವು. ಜಗಲಿಯಲ್ಲಿ ಒಬ್ಬರೇ ಕೂತಿದ್ದ ಮೇಡಂ ಅಷ್ಟು ಸೊರಗಿದ್ದನ್ನು ನೋಡಿ ಸಂಕಟವಾಯಿತು. ಮುದಿ ಇಲಿಗಳಿಗೆ ಅದೇ ಸೋಂಕು ಮತ್ತೆ ಕೊಟ್ಟೆವು, ಹಳೆಯ ನೆನಪಿನ ಕೋಶಗಳು ತಡಮಾಡದೆ ಎದ್ದು ನಿಂತವು ಎಂದೆ.

ಮುಖ ಅರಳಿತು. ತಟ್ಟನೆ ಎದ್ದು ಒಳಮನೆಯ ಕಡೆ ತಿರುಗಿ ಕೂಗಿದರು.

“ರೀ, ಕೇಳುಸ್ತೇನ್ರೀ? ನೆನಪಿರ್ತದಂತೆ ಕಣ್ರೀ!”

ಒಳಗಿನಿಂದ ಯಾರೂ ಬರಲಿಲ್ಲ. ಮೇಡಂ ಬಾಗಿಲು ಹಿಡಿದು ಹಾಗೇ ನಿಂತರು.

“ಊಟ ಮಾಡ್ಕಂಡೇ ಹೋಗಪ್ಪ,” ಎಂದರು, ನನ್ನ ಕಡೆ ತಿರುಗದೆ. “ಇವತ್ತೂ ಇಬ್ಬರಿಗಾಗೋ ಅಷ್ಟು ಮಾಡ್ಬುಟ್ಟಿದೀನಿ.”