ಕರಕರ ತೆಗೆಯುವ ಮಾವ

ಬೆಸುಗೆ ಹಾಕುವ ಸೀಸದ ತಂತಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿಕೊಂಡೇ ಬೈಯುತ್ತಿದ್ದರು ನನ್ನ ಸೋದರಮಾವ. ತುಟಿ ಅಲುಗುತ್ತಿರಲಿಲ್ಲ, ಬೈಗುಳ ಮಾತ್ರ ಒಂದಕ್ಷರವೂ ಕೆಡದೆ ಹೊರಗೆ ಬರುತ್ತಿತ್ತು. ನಾಯಂಡಹಳ್ಳಿಯ ಗೋಡೌನುಗಳ ಸಾಲಿನಲ್ಲಿ ಅವರ ಅಂಗಡಿ. ಗಣೇಶನ ಪೆಂಡಾಲಿನ ಮೈಕು, ದೇವಸ್ಥಾನದ ಆಂಪ್ಲಿಫೈಯರ್, ಏನೇ ಬರಲಿ, ಅದರ ಕರಕರ ತೆಗೆದು ಕಳಿಸುವುದು ಅವರ ಕಸುಬು. ಗಿರಾಕಿಗೆ ಬಾಯಿ ಬಿಡಲು ಕೊಡುತ್ತಿರಲಿಲ್ಲ. "ಕಾಯಿಲೆ ನೀವು ಹೇಳ್ಬೇಡಿ, ಅದೇ ಹೇಳತ್ತೆ" ಎನ್ನುವುದು ಅವರ ಪಲ್ಲವಿ.

ಅವರನ್ನು ನಾನು ಇಷ್ಟಪಟ್ಟವಳಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಅವರೆದುರು ಕೂತು ಬೈಸಿಕೊಂಡವರಲ್ಲ.

ನಾನು ಬ್ಯಾಂಡೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಕಾಲಲ್ಲಿ ಒತ್ತುವ ತಗಡಿನ ಡಬ್ಬಿಯಂಥ ಪೆಡಲ್ ಒಂದಿತ್ತು. ಒತ್ತಿದರೆ ಗಿಟಾರಿನ ದನಿ ಒರಟಾಗಿ ಗುರುಗುಟ್ಟುತ್ತಿತ್ತು. ಅದಕ್ಕೆ ವೈರು ಸಿಕ್ಕಿಸುವ ಜಾಗ ಸಡಿಲವಾಗಿತ್ತು. ಅಷ್ಟನ್ನು ಬಿಗಿ ಮಾಡಿಕೊಡಿ ಎಂದು ಮಾವನ ಕೈಗೆ ಕೊಟ್ಟಿದ್ದೆ.

ಬಸವೇಶ್ವರನಗರದ ಕಾರ್ಯಕ್ರಮದಲ್ಲಿ, ಹಾಡು ಏರುವ ಜಾಗಕ್ಕೆ ಬಂದಾಗ ಪೆಡಲ್ ತುಳಿದೆ. ಗುರುಗುಟ್ಟಲಿಲ್ಲ. ತೊಳೆದಿಟ್ಟ ಹಾಗೆ ಸ್ವಚ್ಛವಾದ ದನಿ ಬಂತು. "ಏನ್ ಗುರು ಇದು, ಭಜನೆನಾ?" ಎಂದ ನಮ್ಮ ಹಾಡುಗಾರ, ಮೈಕಿನಲ್ಲೇ. ಜನ ನಕ್ಕರು. ಕೆಳಗಿಳಿದ ಮೇಲೆ ಅವನು, ಮುಂದಿನ ಶೋಗೂ ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದ.

ಮರುದಿನ ಅಂಗಡಿಗೆ ಹೋಗಿ ಪೆಡಲನ್ನು ಮೇಜಿನ ಮೇಲೆ ಕುಕ್ಕಿದೆ.

"ಮಾವ, ಇದರೊಳಗೆ ಏನ್ ಮಾಡಿದ್ರಿ?"

"ಎರಡು ಡಯೋಡ್ ಇತ್ತು. ಕರಕರ ಎಲ್ಲಾ ಅದ್ರಿಂದಾನೇ. ಕಿತ್ತಾಕ್ದೆ. ಈಗ ನೋಡು, ಬೆಣ್ಣೆ ಥರ ಇದೆ."

"ಅದು ಕಾಯಿಲೆ ಅಲ್ಲ. ಆ ಕರಕರಕ್ಕೆ ಅಂತಾನೇ ಅದನ್ನ ತಗೊಂಡಿದ್ದು. ವಾಪಸ್ ಹಾಕ್ಕೊಡಿ."

"ನೆಟ್ಟಗಿರೋದನ್ನ ಕೆಡಿಸೋದು ನನ್ ಕೈಲಾಗಲ್ಲ ಕಣೇ. ಬೇಕಿದ್ರೆ ನೀನೇ ಕೆಡಿಸ್ಕೊ."

ಹಟಕ್ಕೆ ಬಿದ್ದು, ಆ ಡಯೋಡುಗಳನ್ನು ನಾನೇ ಕೂರಿಸುತ್ತೇನೆಂದು ಅವರ ಮೇಜಿನ ಮುಂದೆಯೇ ಕೂತೆ. ಅವರು ತೋರಿಸಿಕೊಡಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಬೆರಳು ಸುಟ್ಟುಕೊಂಡು ಹಾಕಿದ ಬೆಸುಗೆಯನ್ನು ನೋಡಿ, "ಇದೇನು ಸಾಲ್ಡರಿಂಗಾ, ಕಾಗೆ ಹಿಕ್ಕೆನಾ?" ಎಂದು ಕಿತ್ತುಹಾಕಿದರು. ಮತ್ತೆ ಹಾಕಿದೆ, ಮತ್ತೆ ಕಿತ್ತರು. ವಾರವಿಡೀ ಇದೇ ಜಗಳ. ಶೋ ಹಿಂದಿನ ದಿನ ಪೆಡಲ್ ಗುರುಗುಟ್ಟಿತು. ಮಾವ ಮುಖ ಸಿಂಡರಿಸಿ ರೇಡಿಯೊ ಜೋರು ಮಾಡಿದರು. ಬ್ಯಾಂಡಿನಲ್ಲಿ ನನ್ನ ಜಾಗ ಉಳಿಯಿತು.

ವಯಸ್ಸಾದ ಮೇಲೆ ಮಾವನಿಗೆ ಕಿವಿ ಮಂದವಾಯಿತು. ಅಷ್ಟರಲ್ಲಿ ನಾನು ವಿಜಯನಗರದ ಮನೆಯಲ್ಲಿ ಪೆಡಲ್ ರಿಪೇರಿಯನ್ನೇ ಕಸುಬು ಮಾಡಿಕೊಂಡಿದ್ದೆ. ಒಂದು ದಿನ ಕಿವಿಗೆ ಹಾಕುವ ಯಂತ್ರ ಹಿಡಿದುಕೊಂಡು ಬಂದರು. "ಕರಕರ ಅಂತಿದೆ, ತೆಗಿ" ಎಂದರು. ಬ್ಯಾಟರಿ ಕೂರುವ ಜಾಗ ಕಿಲುಬು ಹಿಡಿದಿತ್ತು, ಕೆರೆದು ಕೊಟ್ಟೆ. ಕಿವಿಗಿಟ್ಟುಕೊಂಡು, "ಹ್ಞೂಂ, ಬಾರ್ಸು ನಿನ್ ಗಿಟಾರು" ಎಂದರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿದವರಲ್ಲ. ಖುಷಿಯಾಗಿ ಪೆಡಲ್ ತುಳಿದು ನುಡಿಸಿದೆ. ಮಾವ ಯಂತ್ರವನ್ನು ಕಿವಿಯಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡು ಕಾಫಿ ಮುಗಿಸಿದರು. ಅವರನ್ನು ನಾನು ಕಂಡದ್ದು ಅದೇ ಕೊನೆ.

ತಿಥಿಯ ದಿನ ಅತ್ತೆ, "ನಿಂಗೆ ವಿದ್ಯೆ ಕೊಟ್ಟೋರು ಕಣೇ, ಎರಡು ಒಳ್ಳೇ ಮಾತಾಡು" ಎಂದರು. ಅವರು ಕೊಡಲಿಲ್ಲ, ನಾನು ಕಿತ್ತುಕೊಂಡೆ ಎಂದು ಹೇಳಬೇಕೆನಿಸಿತು, ಎದ್ದು ಊಟಕ್ಕೆ ಎಲೆ ಹಾಕಲು ಹೋದೆ.

ಈಗ ಯಾರೇ ಪೆಡಲ್ ತಂದಿಟ್ಟರೂ, ಸ್ಕ್ರೂ ಬಿಚ್ಚುವ ಮೊದಲು ಕೇಳುತ್ತೇನೆ: "ಇದು ಹೇಗಿರ್ಬೇಕು, ಹೇಳಿ." ನಡುವೆ ಬಾಯಿ ಹಾಕುವ ಚಟ ನನಗೂ ಇದೆ, ಅದು ಅವರ ಕಡೆಯ ರಕ್ತ. ಅದಕ್ಕೇ ಗಿರಾಕಿ ಹೇಳಿ ಮುಗಿಸುವವರೆಗೂ ಸೀಸದ ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸುಮ್ಮನಿರುತ್ತೇನೆ.